ಖಾಲಿ ಬಿಟ್ಟ ಖಾನೆ ಏನು ಹೇಳುತ್ತದೆ? ಐಚ್ಛಿಕ ಫಿಲ್ಟರ್‌ಗಳಿಂದ ಕಟ್ಟಿದ ಕ್ವೆರಿಯಲ್ಲಿ ದೋಷ ಪತ್ತೆ

ಶಾಸನಗಳ ಸೂಚಿಯೊಂದಕ್ಕೆ ಹುಡುಕು ಪುಟ ಬರೆದು ಕೊಟ್ಟ ಮೇಲೆ ನನಗೆ ಮೂರು ದೂರುಗಳು ಬಂದವು. ಧಾರವಾಡ ಎಂದು ಹುಡುಕಿದರೆ ಸಿಗುತ್ತದೆ, ಕೋಲಾರ ಎಂದರೆ ಒಂದೂ ಸಿಗುವುದಿಲ್ಲ. ರಾಜವಂಶಕ್ಕೆ ಹೊಯ್ಸಳ ಎಂದು ಆರಿಸಿದರೂ ವಿಜಯನಗರ ಕಾಲದ ಕಲ್ಲುಗಳು ನಡುವೆ ಬರುತ್ತವೆ. ಇಸವಿಯ ಖಾನೆ ತುಂಬಿದ ಕೂಡಲೇ ನಮ್ಮೂರಿನ ವೀರಗಲ್ಲು ಕಾಣೆಯಾಗುತ್ತದೆ.

ಪುಟದಲ್ಲಿ ಏಳು ಫಿಲ್ಟರ್‌ಗಳಿದ್ದವು: ಜಿಲ್ಲೆ, ತಾಲ್ಲೂಕು, ರಾಜವಂಶ, ಭಾಷೆ, ಶಾಸನದ ಬಗೆ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಇಸವಿ, ಪಠ್ಯದಲ್ಲಿ ಬರುವ ಪದ. ಯಾವುದನ್ನೂ ತುಂಬಲೇಬೇಕೆಂದಿಲ್ಲ. ತುಂಬಿದ ಖಾನೆಗಳಿಂದ ಕೋಡ್ ಒಂದು ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ಕಟ್ಟುತ್ತದೆ. ಸರ್ವರಿನ ದಾಖಲೆಯಲ್ಲಿ ಒಂದು ದೋಷ ಸಂದೇಶವೂ ಇರಲಿಲ್ಲ. ಈ ಬಗೆಯ ದೋಷದ ಅಪಾಯ ಇರುವುದು ಅಲ್ಲಿಯೇ. ಪ್ರೋಗ್ರಾಂ ಕುಸಿದು ಬಿದ್ದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ತಪ್ಪು ಪಟ್ಟಿ ಸರಿಯಾದ ಪಟ್ಟಿಯಂತೆಯೇ ಕಾಣುತ್ತದೆ. ‘ಯಾವ ಶಾಸನವೂ ಸಿಗಲಿಲ್ಲ’ ಎಂಬ ಸಾಲನ್ನು ಓದಿದ ಸಂಶೋಧನಾ ವಿದ್ಯಾರ್ಥಿ ಆ ಜಿಲ್ಲೆಯಲ್ಲಿ ಅಂಥ ಶಾಸನವೇ ಇಲ್ಲವೆಂದು ನಂಬಿ ಮುಂದೆ ಹೋಗುತ್ತಾನೆ. ಆದ್ದರಿಂದ ಈ ಮೂರು ದೂರುಗಳನ್ನು ಬುಡದವರೆಗೂ ಬೆನ್ನಟ್ಟಿದೆ. ನಾನು ಬಳಸಿದ್ದು ಪೋಸ್ಟ್‌ಗ್ರೆಸ್. ಬೇರೆ ಡೇಟಾಬೇಸ್‌ಗಳು ಬೇರೆ ರೀತಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ.

ಮೊದಲು ಡೇಟಾಬೇಸಿಗೆ ತಲುಪಿದ ಕ್ವೆರಿಯನ್ನು ನೋಡಿ

ಕೋಡ್ ಓದುತ್ತ ಕೂರಬೇಡಿ. ಷರತ್ತುಗಳನ್ನು ಒಂದೊಂದಾಗಿ ಸೇರಿಸುವ ಕೋಡನ್ನು ಓದುವಾಗ ನಾವು ಬರೆಯಬೇಕೆಂದುಕೊಂಡಿದ್ದೇ ಕಣ್ಣಿಗೆ ಕಾಣುತ್ತದೆ, ಬರೆದದ್ದು ಕಾಣುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಲಾಗ್_ಸ್ಟೇಟ್‌ಮೆಂಟ್’ ಎಂಬ ಸೆಟ್ಟಿಂಗನ್ನು ‘ಆಲ್’ ಎಂದು ಇಟ್ಟರೆ ಬಂದ ಪ್ರತಿ ಕ್ವೆರಿಯೂ ಅದರ ಪ್ಯಾರಾಮೀಟರ್ ಮೌಲ್ಯಗಳೂ (ಕ್ವೆರಿಯ ಪಠ್ಯದಿಂದ ಬೇರೆಯಾಗಿ ಕಳುಹಿಸಿದವು) ದಾಖಲಾಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ಜನರಲ್ ಲಾಗ್ ಇದೆ. ಪರೀಕ್ಷೆಯ ಯಂತ್ರದಲ್ಲಿ ಮಾತ್ರ ಹೀಗೆ ಮಾಡಿ. ಜನ ಬಳಸುತ್ತಿರುವ ಸರ್ವರಿನಲ್ಲಿ ಲಾಗ್ ಬಹು ಬೇಗ ಡಿಸ್ಕ್ ತುಂಬುತ್ತದೆ, ಬಳಕೆದಾರರು ಹುಡುಕಿದ್ದೆಲ್ಲ ಅದರಲ್ಲಿ ಉಳಿದುಬಿಡುತ್ತದೆ.

ಕ್ವೆರಿ ಕೈಗೆ ಸಿಕ್ಕ ಮೇಲೆ ಅದನ್ನು ನೇರವಾಗಿ ಡೇಟಾಬೇಸಿನಲ್ಲಿ ಓಡಿಸಿ ಸಾಲುಗಳನ್ನು ಎಣಿಸಿ. ಬಳಿಕ ಒಂದೊಂದೇ ಷರತ್ತನ್ನು ತೆಗೆಯುತ್ತ ಹೋಗಿ ಪ್ರತಿ ಸಲವೂ ಎಣಿಸಿ. ಯಾವುದನ್ನು ತೆಗೆದಾಗ ಎಣಿಕೆ ಸೊನ್ನೆಯಿಂದ ಮೇಲೇಳುತ್ತದೆಯೋ ತಪ್ಪು ಅಲ್ಲಿದೆ. ಬಳಕೆದಾರ ಮುಟ್ಟದೇ ಬಿಟ್ಟ ಖಾನೆಯ ಷರತ್ತು ಕ್ವೆರಿಯಲ್ಲಿ ಕಂಡರೆ ಇಷ್ಟು ಕೂಡ ಬೇಕಿಲ್ಲ. ಆ ಷರತ್ತು ಅಲ್ಲಿ ಇರಲೇಬಾರದಿತ್ತು.

ಇನ್ನೊಂದನ್ನು ಇದೇ ಹಂತದಲ್ಲಿ ನೋಡಿ: ಮೌಲ್ಯಗಳು ತಮ್ಮ ತಮ್ಮ ಜಾಗದಲ್ಲಿ ಇವೆಯೇ? ಷರತ್ತುಗಳನ್ನು ಒಂದು ಕಡೆ, ಅವುಗಳ ಮೌಲ್ಯಗಳನ್ನು ಇನ್ನೊಂದು ಕಡೆ ಸೇರಿಸುವ ಕೋಡಿನಲ್ಲಿ ಯಾವುದೋ ಒಂದು ಖಾನೆ ಖಾಲಿಯಿದ್ದಾಗ ಎರಡರ ಕ್ರಮ ತಪ್ಪಿ, ತಾಲ್ಲೂಕಿನ ಜಾಗಕ್ಕೆ ರಾಜವಂಶದ ಹೆಸರು ಹೋಗಿ ಕೂರುತ್ತದೆ. ಎರಡೂ ಪಠ್ಯವೇ ಆದ್ದರಿಂದ ಡೇಟಾಬೇಸ್ ತಕರಾರು ಮಾಡುವುದಿಲ್ಲ. ಕೆಲವು ಜೋಡಿ ಫಿಲ್ಟರ್‌ಗಳಲ್ಲಿ ಮಾತ್ರ ಫಲಿತಾಂಶ ಸೊನ್ನೆಯಾಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪರಿಹಾರ ಸರಳ. ಎರಡು ಪಟ್ಟಿ ಇಟ್ಟುಕೊಳ್ಳಿ, ಒಂದು ಷರತ್ತುಗಳಿಗೆ, ಒಂದು ಮೌಲ್ಯಗಳಿಗೆ. ಖಾನೆಯಲ್ಲಿ ನಿಜವಾಗಿ ಏನಾದರೂ ಇದ್ದರೆ ಒಂದೇ ಹೆಜ್ಜೆಯಲ್ಲಿ ಎರಡಕ್ಕೂ ಸೇರಿಸಿ. ಮೌಲ್ಯದ ಜಾಗವನ್ನು ಗುರುತಿಸುವ $1, $2 ಎಂಬ ಸಂಖ್ಯೆಯನ್ನು ಕೈಯಿಂದ ಬರೆಯದೆ ಮೌಲ್ಯಗಳ ಪಟ್ಟಿಯ ಉದ್ದದಿಂದಲೇ ಪಡೆಯಿರಿ. ಕೊನೆಯಲ್ಲಿ ಷರತ್ತುಗಳನ್ನು ‘ಆಂಡ್’ನಿಂದ ಬೆಸೆಯಿರಿ. ಪಟ್ಟಿ ಖಾಲಿಯಿದ್ದರೆ ಷರತ್ತುಗಳನ್ನು ಆರಂಭಿಸುವ ‘ವೇರ್’ ಪದವೂ ಬೇಡ. ‘ವೇರ್ 1=1’ ಎಂದು ಆರಂಭಿಸುವ ಹಳೆಯ ಉಪಾಯವೂ ನಡೆಯುತ್ತದೆ. ಅದರಿಂದ ವೇಗವೇನೂ ಕಡಿಮೆಯಾಗುವುದಿಲ್ಲ.

ಬಳಕೆದಾರನ ಮೌನ

ಖಾಲಿ ಖಾನೆ ಎಂದರೆ ‘ನನಗೆ ಯಾವುದಾದರೂ ಸರಿ’ ಎಂದು ಬಳಕೆದಾರ ಹೇಳಿದಂತೆ. ಕೋಡಿಗೆ ಅದು ಒಂದೇ ರೂಪದಲ್ಲಿ ಬರುವುದಿಲ್ಲ. ಬ್ರೌಸರಿನಲ್ಲಿ ಖಾಲಿ ಬಿಟ್ಟ ಪಠ್ಯದ ಖಾನೆ ಅಕ್ಷರವೇ ಇಲ್ಲದ ಖಾಲಿ ಸ್ಟ್ರಿಂಗ್ ಆಗಿ ಬರುತ್ತದೆ. ಟಿಕ್ ಮಾಡದ ಚೆಕ್‌ಬಾಕ್ಸ್ ಬರುವುದೇ ಇಲ್ಲ. ಡ್ರಾಪ್‌ಡೌನಿನ ‘ಎಲ್ಲ’ ಎಂಬ ಆಯ್ಕೆ, ಅದಕ್ಕೆ ನೀವು ಯಾವ ಮೌಲ್ಯ ಕೊಟ್ಟಿದ್ದೀರೋ ಆ ಮೌಲ್ಯವಾಗಿ ಬರುತ್ತದೆ. ಮೊಬೈಲಿನ ಕೀಲಿಮಣೆ ಒಂದು ಸ್ಪೇಸ್ ಬಿಟ್ಟಿದ್ದರೆ ಕಣ್ಣಿಗೆ ಖಾಲಿ ಎನಿಸಿದ ಖಾನೆಯಲ್ಲಿ ಒಂದು ಅಕ್ಷರ ಇರುತ್ತದೆ. ಮೌಲ್ಯ ‘ನಲ್’ (ಮೌಲ್ಯವೇ ಇಲ್ಲ ಎಂಬ ಗುರುತು) ಆಗಿದೆಯೇ ಎಂದು ಮಾತ್ರ ಕೇಳುವ ಕೋಡ್ ಇವುಗಳಲ್ಲಿ ಹೆಚ್ಚಿನವನ್ನು ತುಂಬಿದ ಖಾನೆಯೆಂದೇ ತಿಳಿದು

ತಾಲ್ಲೂಕು = ''

ಎಂಬ ಷರತ್ತನ್ನು ಸೇರಿಸುತ್ತದೆ. ಹೆಸರಿಲ್ಲದ ತಾಲ್ಲೂಕು ಯಾವುದೂ ಇಲ್ಲ, ಹಾಗಾಗಿ ಫಲಿತಾಂಶವೂ ಇಲ್ಲ. ಒರಾಕಲ್ ಖಾಲಿ ಸ್ಟ್ರಿಂಗನ್ನೇ ನಲ್ ಎಂದು ಪರಿಗಣಿಸುವುದರಿಂದ, ಅಲ್ಲಿ ಬರೆದು ಪಳಗಿದವರು ಪೋಸ್ಟ್‌ಗ್ರೆಸ್‌ಗೆ ಬಂದಾಗ ಇಲ್ಲಿ ಎಡವುವುದು ಹೆಚ್ಚು. ಫಾರಂ ಒಳಬಂದ ಬಾಗಿಲಲ್ಲೇ ಅಕ್ಕಪಕ್ಕದ ಸ್ಪೇಸ್‌ಗಳನ್ನು ತೆಗೆದು, ಉಳಿದದ್ದು ಖಾಲಿಯಾಗಿದ್ದರೆ ನಲ್ ಮಾಡಿಬಿಡಿ. ಆಮೇಲೆ ಮುಂದಿನ ಕೋಡೆಲ್ಲ ಒಂದೇ ಬಗೆಯ ಮೌನವನ್ನು ಕಾಣುತ್ತದೆ.

ಪದ ಹುಡುಕುವ ಖಾನೆಯಲ್ಲಿ ಇದು ಇನ್ನೂ ಸೂಕ್ಷ್ಮ. ಖಾಲಿಯಿದ್ದರೂ ‘ಪಠ್ಯ ಲೈಕ್ '%%'’ ಎಂದು ಬಿಡುವವರಿದ್ದಾರೆ, ಅದು ಎಲ್ಲಕ್ಕೂ ಹೊಂದುತ್ತದೆ, ತೊಂದರೆಯಿಲ್ಲ ಎಂಬ ನಂಬಿಕೆಯಿಂದ. ಅದು ಹೊಂದುವುದು ಪಠ್ಯ ಇರುವ ಸಾಲುಗಳಿಗೆ ಮಾತ್ರ. ಪಠ್ಯವನ್ನು ಇನ್ನೂ ಬೆರಳಚ್ಚು ಮಾಡಿರದ ಶಾಸನಗಳಲ್ಲಿ ಆ ಕಾಲಂ ನಲ್ ಆಗಿರುತ್ತದೆ, ಅವು ಸದ್ದಿಲ್ಲದೆ ಉದುರಿಹೋಗುತ್ತವೆ.

ಸೊನ್ನೆಯ ಕಡೆಗೂ ಒಂದು ಕಣ್ಣಿರಲಿ. ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಪೈಥಾನ್ ಮೂರರಲ್ಲೂ ಸಂಖ್ಯೆ 0 ‘ಸುಳ್ಳು’ ಎನಿಸಿಕೊಳ್ಳುತ್ತದೆ. ‘ಮೌಲ್ಯ ಇದ್ದರೆ ಷರತ್ತು ಸೇರಿಸು’ ಎಂದು ಬರೆದಲ್ಲಿ ಬಳಕೆದಾರ ಉದ್ದೇಶಪೂರ್ವಕವಾಗಿ ಹಾಕಿದ 0 ಕೂಡ ಖಾಲಿ ಖಾನೆಯಾಗುತ್ತದೆ.

ಇಸವಿಯ ಖಾನೆ

ನನ್ನ ಅತಿ ಹೆಚ್ಚು ಸಮಯ ಕಳೆದದ್ದು ಇಲ್ಲಿ.

ನಮ್ಮ ಓದುಗರಲ್ಲಿ ಹಲವರು ಇಸವಿಯನ್ನು ಕನ್ನಡ ಅಂಕಿಗಳಲ್ಲಿ ಬರೆಯುತ್ತಾರೆ, ಬರೆಯಬೇಕು ಕೂಡ. ‘೧೧೨೦’ ಎಂದು ಬಂದರೆ ಪೈಥಾನ್ ಅದನ್ನು 1120 ಎಂದು ಸರಿಯಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲವೆಂದು ತಳ್ಳುತ್ತದೆ. ಆ ‘ಸಂಖ್ಯೆಯಲ್ಲ’ ಎಂಬ ಮೌಲ್ಯವೂ ಸುಳ್ಳೆಂದೇ ಎಣಿಕೆಯಾಗುವುದರಿಂದ ಫಿಲ್ಟರ್ ಮಾಯವಾಗಿ ಸೂಚಿಯ ಎಲ್ಲ ಶಾಸನಗಳೂ ಬರುತ್ತವೆ. ಪಿಎಚ್‌ಪಿಯಲ್ಲಿ ಪೂರ್ಣಾಂಕಕ್ಕೆ ಪರಿವರ್ತಿಸಿದರೆ ಸಿಗುವುದು 0, ಅಂದರೆ ಸೊನ್ನೆಯ ಇಸವಿಯಿಂದ ಈಚಿನ ಎಲ್ಲವೂ. ಕನ್ನಡ ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳಿ. ಆಮೇಲೂ ಸಂಖ್ಯೆಯಾಗದಿದ್ದರೆ ಬಳಕೆದಾರನಿಗೆ ತಿಳಿಸಿ. ತುಂಬಿದ ಖಾನೆಯನ್ನು ಹೇಳದೆ ಕೇಳದೆ ಬದಿಗಿಡುವುದು ಅವನಿಗೆ ಮಾಡುವ ಅನ್ಯಾಯ.

ಎರಡನೆಯದು ಶಕ ವರ್ಷ. ಶಾಸನಗಳಲ್ಲಿ ಶಕ ವರ್ಷ ಸಾಮಾನ್ಯ. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಲ್ಲಿ 79. ಪುಟದಲ್ಲಿ ‘ಶಕ ವರ್ಷ’ ಎಂಬ ಆಯ್ಕೆ ಇಟ್ಟಿದ್ದೆ, ಅದನ್ನು ಒತ್ತಿದಾಗ ಕೋಡ್ ಎರಡೂ ಕೊನೆಗಳಿಗೆ 78 ಸೇರಿಸುತ್ತಿತ್ತು. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಸ್ಟ್ರಿಂಗನ್ನು ಸಂಖ್ಯೆಯಾಗಿಸಿದರೆ 0. ಹಾಗಾಗಿ 1042ರಿಂದ ಎಂದು ತುಂಬಿ ‘ವರೆಗೆ’ಯನ್ನು ಖಾಲಿ ಬಿಟ್ಟವರಿಗೆ ಕ್ವೆರಿಯಲ್ಲಿ 1120ರಿಂದ 78ರವರೆಗೆ ಎಂದಾಗುತ್ತಿತ್ತು. ಶಕ ಒತ್ತಿ, ಒಂದು ಕೊನೆಯನ್ನು ಖಾಲಿ ಬಿಟ್ಟಾಗ ಮಾತ್ರ ಕಾಣಿಸಿಕೊಳ್ಳುವ ದೋಷ ಇದು. ಖಾಲಿಯೇ ಎಂದು ಮೊದಲು ನೋಡಿ, ಲೆಕ್ಕವನ್ನು ಆಮೇಲೆ ಮಾಡಿ.

ಮೂರನೆಯದೇ ವೀರಗಲ್ಲು ಕಾಣೆಯಾದ ಕಥೆ. ಎಷ್ಟೋ ಶಾಸನಗಳಲ್ಲಿ ವರ್ಷ ಬರೆದಿರುವುದಿಲ್ಲ. ಲಿಪಿಯನ್ನು ನೋಡಿ ಬಲ್ಲವರು ಕಾಲ ಹೇಳುತ್ತಾರೆ. ಹಲ್ಮಿಡಿ ಶಾಸನಕ್ಕೂ ನಾವು ಸುಮಾರು 450 ಎಂದೇ ಹೇಳುವುದು. ‘12ನೆಯ ಶತಮಾನ’ ಎಂಬುದನ್ನು ನಾನು ಆರಂಭ 1101, ಅಂತ್ಯ 1200 ಎಂದು ಎರಡು ಕಾಲಂಗಳಲ್ಲಿ ಇಟ್ಟಿದ್ದೆ. ಷರತ್ತು ಮಾತ್ರ ‘ಆರಂಭ ≥ ಇಂದ, ಅಂತ್ಯ ≤ ವರೆಗೆ’ ಎಂದಿತ್ತು. 1150ರಿಂದ 1180 ಎಂದು ಕೇಳಿದವರಿಗೆ 12ನೆಯ ಶತಮಾನದ ಕಲ್ಲು ಕಾಣುತ್ತಿರಲಿಲ್ಲ, ಅದರ ಎರಡೂ ತುದಿಗಳು ಆ ಕಿಟಕಿಯ ಹೊರಗಿದ್ದವು. ಕೇಳಬೇಕಾದದ್ದು ಎರಡು ಅವಧಿಗಳು ಎಲ್ಲಾದರೂ ಒಂದರ ಮೇಲೊಂದು ಬರುತ್ತವೆಯೇ ಎಂದು:

ಆರಂಭ ≤ ವರೆಗೆ ಆಂಡ್ ಅಂತ್ಯ ≥ ಇಂದ

ಬರೆಯುವಾಗ ಅಡ್ಡ ಜೋಡಿಸಿದಂತೆ ಕಾಣುತ್ತದೆ, ಆದರೆ ಸರಿಯಾದದ್ದು ಇದೇ. ‘ಇಂದ’ ಖಾಲಿಯಿದ್ದರೆ ಎರಡನೆಯ ಅರ್ಧವನ್ನು ಸೇರಿಸಬೇಡಿ, ‘ವರೆಗೆ’ ಖಾಲಿಯಿದ್ದರೆ ಮೊದಲನೆಯದನ್ನು. ಎರಡನ್ನೂ ತುಂಬಿದವರಿಗೆ ಮಾತ್ರ ನಡೆಯುವಂತೆ ಬರೆದ ಇಸವಿ ಫಿಲ್ಟರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಸವಿಯ ಬದಲು ದಿನಾಂಕ ಮತ್ತು ಗಂಟೆ ಇರುವ ಕಾಲಂ ಆಗಿದ್ದರೆ ‘ಬಿಟ್ವೀನ್’ ಬಳಸಬೇಡಿ. ಮಾರ್ಚ್ 31ರವರೆಗೆ ಎಂದರೆ ಆ ದಿನದ ಮಧ್ಯರಾತ್ರಿ ಆರಂಭಕ್ಕೇ ನಿಲ್ಲುತ್ತದೆ, 31ರ ಇಡೀ ದಿನ ಕೈಬಿಡುತ್ತದೆ. ‘ಏಪ್ರಿಲ್ 1ಕ್ಕಿಂತ ಮೊದಲು’ ಎಂದು ಬರೆಯಿರಿ.

ದಾಖಲೆಯ ಮೌನ

ಬಳಕೆದಾರ ಸುಮ್ಮನಿರುವಂತೆ ದಾಖಲೆಯೂ ಸುಮ್ಮನಿರುತ್ತದೆ. ಕಾಲ ಗೊತ್ತಿಲ್ಲ, ರಾಜವಂಶ ಗೊತ್ತಿಲ್ಲ. ಎರಡನ್ನೂ ಕೋಡಿನಲ್ಲಿ ‘ನಲ್’ ಎಂದೇ ಬರೆಯುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಅವು ಒಂದಲ್ಲ. ಬಳಕೆದಾರನ ಮೌನದ ಅರ್ಥ ‘ಯಾವುದಾದರೂ ಸರಿ’, ದಾಖಲೆಯ ಮೌನದ ಅರ್ಥ ‘ತಿಳಿದಿಲ್ಲ’.

ಎಸ್‌ಕ್ಯೂಎಲ್‌ನಲ್ಲಿ ಹೋಲಿಕೆಗೆ ಮೂರು ಉತ್ತರಗಳಿವೆ: ಹೌದು, ಅಲ್ಲ, ತಿಳಿಯದು. ನಲ್ ಜೊತೆಗಿನ ಹೋಲಿಕೆಯ ಉತ್ತರ ಯಾವಾಗಲೂ ‘ತಿಳಿಯದು’, ‘ವೇರ್’ ಉಳಿಸಿಕೊಳ್ಳುವುದು ‘ಹೌದು’ ಎಂದ ಸಾಲುಗಳನ್ನು ಮಾತ್ರ. ‘ರಾಜವಂಶ = ನಲ್’ ಎಂದರೆ ಒಂದು ಸಾಲೂ ಬರದಿರುವುದು ಇದರಿಂದಲೇ, ‘ಈಸ್ ನಲ್’ ಎಂದೇ ಕೇಳಬೇಕು. ಇದು ಹಲವರಿಗೆ ಗೊತ್ತು. ಗೊತ್ತಿದ್ದವರೂ ಸಿಕ್ಕಿಬೀಳುವುದು ‘ಹೊಯ್ಸಳ ಅಲ್ಲದವು’ ಎಂಬ ಫಿಲ್ಟರಿನಲ್ಲಿ. ‘ರಾಜವಂಶ <> ಹೊಯ್ಸಳ’ ಎಂದರೆ ವಂಶ ತಿಳಿಯದ ಕಲ್ಲುಗಳೂ ಹೋಗಿಬಿಡುತ್ತವೆ. ಈ ಪಟ್ಟಿಯಲ್ಲಿ ಇಲ್ಲದವು ಬೇಕು ಎನ್ನುವ ‘ನಾಟ್ ಇನ್’ ಒಳಗಿನ ಪಟ್ಟಿಗೆ ಒಂದೇ ಒಂದು ನಲ್ ನುಸುಳಿದರೂ ಇಡೀ ಫಲಿತಾಂಶ ಸೊನ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಈಸ್ ಡಿಸ್ಟಿಂಕ್ಟ್ ಫ್ರಮ್’ ಎಂಬ ಹೋಲಿಕೆ ನಲ್ ಅನ್ನು ಸಾಮಾನ್ಯ ಮೌಲ್ಯದಂತೆ ನೋಡುತ್ತದೆ, ಅದನ್ನು ಬಳಸಿ.

ಕಾಲ ಗೊತ್ತಿಲ್ಲದ ಶಾಸನಗಳನ್ನು ಇಸವಿಯ ಹುಡುಕಾಟದಲ್ಲಿ ತೋರಿಸಬೇಕೇ? ಇದನ್ನು ಪ್ರೋಗ್ರಾಮರ್ ಒಬ್ಬನೇ ತೀರ್ಮಾನಿಸಬಾರದು. ಶಾಸನ ಓದುವವರನ್ನು ಕೇಳಿದೆ. ಅವರ ಮಾತಿನಂತೆ ‘ಕಾಲ ತಿಳಿಯದವನ್ನೂ ಸೇರಿಸು’ ಎಂಬ ಚೆಕ್‌ಬಾಕ್ಸ್ ಇಟ್ಟು, ಬಿಟ್ಟುಹೋದವು ಎಷ್ಟು ಎಂಬುದನ್ನು ಫಲಿತಾಂಶದ ಕೆಳಗೆ ಬರೆದೆ.

ಹೆಚ್ಚು ಬಂದಾಗ

ಹೊಯ್ಸಳರ ನಡುವೆ ವಿಜಯನಗರ ಬಂದದ್ದು ಆವರಣವಿಲ್ಲದ ‘ಆರ್’ನಿಂದ. ಹುಡುಕಿದ ಪದವನ್ನು ಪಠ್ಯದಲ್ಲಾಗಲಿ ಟಿಪ್ಪಣಿಯಲ್ಲಾಗಲಿ ನೋಡು ಎಂದು ಬರೆದಿದ್ದೆ (? ಎಂದರೆ ಮೌಲ್ಯ ಬಂದು ಕೂರುವ ಜಾಗ):

ರಾಜವಂಶ = ? ಆಂಡ್ ಪಠ್ಯ ಲೈಕ್ ? ಆರ್ ಟಿಪ್ಪಣಿ ಲೈಕ್ ?

‘ಆಂಡ್’ ಗುಣಾಕಾರದಂತೆ ಮೊದಲು ಅಂಟಿಕೊಳ್ಳುತ್ತದೆ, ‘ಆರ್’ ಕೂಡಿಕೆಯಂತೆ ಕೊನೆಗೆ. ಆದ್ದರಿಂದ ಟಿಪ್ಪಣಿಯಲ್ಲಿ ಆ ಪದವಿದ್ದರೆ ವಂಶ ಯಾವುದಾದರೂ ಸಾಲು ಒಳಗೆ ಬರುತ್ತದೆ. ಪಟ್ಟಿಗೆ ಸೇರಿಸುವ ಪ್ರತಿ ಷರತ್ತನ್ನೂ, ಅಗತ್ಯವಿರಲಿ ಇಲ್ಲದಿರಲಿ, ಆವರಣದೊಳಗೆ ಇಡುವುದನ್ನು ನಿಯಮ ಮಾಡಿಕೊಂಡೆ.

‘ಲೈಕ್’ನಲ್ಲಿ % ಎಂದರೆ ಏನಾದರೂ, ಅಡಿಗೆರೆ ಎಂದರೆ ಯಾವುದಾದರೂ ಒಂದು ಅಕ್ಷರ. ನಮ್ಮ ಸೂಚಿಯಲ್ಲಿ ಕಲ್ಲಿನ ಮೇಲೆ ಅಳಿಸಿಹೋದ ಅಕ್ಷರಕ್ಕೆ ಅಡಿಗೆರೆ ಹಾಕುವ ರೂಢಿಯಿತ್ತು. ಓದುಗರು ಅದನ್ನೇ ನಕಲಿಸಿ ಹುಡುಕಿದಾಗ ಸಂಬಂಧವಿಲ್ಲದ ಸಾಲುಗಳು ಸಿಗುತ್ತಿದ್ದವು. ಈ ಎರಡು ಚಿಹ್ನೆಗಳನ್ನೂ ಹಿಮ್ಮುಖ ಓರೆಗೆರೆಯನ್ನೂ ಅವುಗಳ ವಿಶೇಷ ಅರ್ಥ ತಪ್ಪಿಸಿ, ಬರಿಯ ಅಕ್ಷರಗಳಾಗಿ ಕಳುಹಿಸಬೇಕು.

ಕೋಲಾರ ಸಿಗದ ಕಾರಣ

ಯಾವ ಜಿಲ್ಲೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹಾಳೆಯ ಮೇಲೆ ಬರೆದಾಗಲೇ ಇದು ಬಿಡಿಸಿಕೊಂಡಿತು. ಸಿಕ್ಕವು: ಧಾರವಾಡ, ತುಮಕೂರು, ಬೆಳಗಾವಿ, ಹಾಸನ, ಮಂಡ್ಯ, ರಾಯಚೂರು. ಸಿಗದವು: ಕೋಲಾರ, ಮೈಸೂರು, ಹಾವೇರಿ, ಶಿವಮೊಗ್ಗ, ಕೊಪ್ಪಳ, ಬೀದರ್. ಗಟ್ಟಿಯಾಗಿ ಓದಿಕೊಳ್ಳಿ. ಸಿಗದ ಹೆಸರುಗಳಲ್ಲೆಲ್ಲ ಕೊ, ಕೋ, ಕೇ, ಕೈ, ಕೀ ಬಗೆಯ ಒಂದು ಸ್ವರಚಿಹ್ನೆ ಇದೆ.

ಯೂನಿಕೋಡಿನಲ್ಲಿ ಈ ಐದು ಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಕೋಲಾರ ಎಂಬುದು ಒಂದು ರೀತಿಯಲ್ಲಿ ಐದು ಸಂಕೇತ, ಇನ್ನೊಂದು ರೀತಿಯಲ್ಲಿ ಏಳು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಹೋಲಿಸುವುದು ಬೈಟ್‌ಗಳನ್ನು, ಅದಕ್ಕೆ ಇವು ಎರಡು ಬೇರೆ ಪದಗಳು. ಹಳೆಯ ಫಾಂಟ್‌ಗಳಲ್ಲಿದ್ದ ನಮ್ಮ ಪಠ್ಯವನ್ನು ಯೂನಿಕೋಡಿಗೆ ತಂದಾಗ ಪರಿವರ್ತಕ ತುಂಡುಗಳಾಗಿ ಬರೆದಿತ್ತು, ಓದುಗರ ಕೀಲಿಮಣೆ ಇಡಿಯಾಗಿ ಬರೆಯುತ್ತಿತ್ತು. ಅನುಮಾನ ಬಂದರೆ ಡೇಟಾಬೇಸಿನಲ್ಲಿರುವ ಹೆಸರಿನ ಸಂಕೇತಗಳನ್ನೂ ಹುಡುಕಿದ ಹೆಸರಿನ ಸಂಕೇತಗಳನ್ನೂ ‘ಕ್ಯಾರ್_ಲೆಂಗ್ತ್’ನಿಂದ ಎಣಿಸಿ. ಒಂದು ಕಡೆ 5, ಇನ್ನೊಂದು ಕಡೆ 7 ಬಂದರೆ ಬೇರೆ ಸಾಕ್ಷಿ ಬೇಡ.

ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ, ಜಾವಾಸ್ಕ್ರಿಪ್ಟ್ ಮತ್ತು ಪೈಥಾನಿನಲ್ಲೂ ಇದೇ ಕೆಲಸಕ್ಕೆ ಸೌಲಭ್ಯವಿದೆ. ದಾಖಲೆಯನ್ನು ಒಮ್ಮೆ, ಬಿಡಿ ತುಂಡುಗಳನ್ನು ಇಡಿಯಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಬಳಕೆದಾರ ಬರೆದದ್ದನ್ನು ಪ್ರತಿ ಸಲವೂ ಅದೇ ರೂಪಕ್ಕೆ ತನ್ನಿ. ಒತ್ತಕ್ಷರವಾಗದಂತೆ ಅಕ್ಷರಗಳನ್ನು ಬೇರ್ಪಡಿಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು ಇದು ತೆಗೆಯುವುದಿಲ್ಲ. ಹುಡುಕಾಟಕ್ಕೆಂದೇ ಇಟ್ಟ ಪ್ರತಿಯಿಂದ ಅದನ್ನು ಬೇರೆಯಾಗಿ ಅಳಿಸಬೇಕು, ತೋರಿಸುವ ಪ್ರತಿಯಲ್ಲಿ ಹಾಗೇ ಇರಲಿ.

ಜಿಲ್ಲೆಗಳ ವಿಷಯ ಬಂದದ್ದರಿಂದ ಇನ್ನೊಂದು ಮಾತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪಿ ಅದರೊಳಗೆ ಹೋಯಿತು. ಈಗ ವಿಜಯನಗರ ಎಂಬುದು ರಾಜವಂಶದ ಪಟ್ಟಿಯಲ್ಲೂ ಇದೆ, ಜಿಲ್ಲೆಯ ಪಟ್ಟಿಯಲ್ಲೂ ಇದೆ. ಹೆಸರಿನಿಂದ ಹೋಲಿಸದೆ ಜಿಲ್ಲೆಗೊಂದು ಸಂಖ್ಯೆ ಕೊಟ್ಟು, ಹಳೆಯ ಹೆಸರುಗಳನ್ನು ಬೇರೆ ಟೇಬಲ್ಲಿನಲ್ಲಿ ಇಡಿ.

ಎರಡೆರಡು ಸಲ ಬರುವ ಶಾಸನ

ಒಂದೇ ಕಲ್ಲಿನಲ್ಲಿ ಕನ್ನಡವೂ ಸಂಸ್ಕೃತವೂ ಇರುವುದು ಅಪರೂಪವಲ್ಲ. ಭಾಷೆಗಳನ್ನು ಬೇರೆ ಟೇಬಲ್ಲಿನಲ್ಲಿಟ್ಟು ಜಾಯಿನ್ ಮಾಡಿದರೆ, ಅಂದರೆ ಎರಡು ಟೇಬಲ್ಲುಗಳ ಸಾಲುಗಳನ್ನು ಜೋಡಿಸಿದರೆ, ಅಂಥ ಶಾಸನ ಎರಡು ಸಲ ಬರುತ್ತದೆ. ಒಂದೇ ಸಾಲು ಮತ್ತೆ ಬಾರದಂತೆ ಮಾಡುವ ‘ಡಿಸ್ಟಿಂಕ್ಟ್’ ಹಾಕಿ ಮುಚ್ಚಿದರೆ ಪಟ್ಟಿ ಸರಿಯಾಗಿ ಕಂಡರೂ ಬೇರೆ ಕ್ವೆರಿಯಿಂದ ಬರುವ ಒಟ್ಟು ಎಣಿಕೆ ತಪ್ಪೇ ಉಳಿಯುತ್ತದೆ. ಜಾಯಿನ್ ಬಿಟ್ಟು, ಅಂಥ ಸಾಲು ಇದೆಯೇ ಎಂದಷ್ಟೇ ಕೇಳುವ ‘ಎಕ್ಸಿಸ್ಟ್ಸ್’ ಬಳಸಿ. ಎರಡೂ ಭಾಷೆಗಳಿರುವ ಕಲ್ಲು ಬೇಕೆಂದವರಿಗೆ ಎರಡು ಎಕ್ಸಿಸ್ಟ್ಸ್ ಬೇಕು, ಏಕೆಂದರೆ ಒಂದೇ ಸಾಲಿನ ಭಾಷೆ ಏಕಕಾಲಕ್ಕೆ ಕನ್ನಡವೂ ಸಂಸ್ಕೃತವೂ ಆಗಿರಲಾರದು. ಭಾಷೆಯನ್ನೇ ಆರಿಸದಿದ್ದಾಗ ಖಾಲಿ ಪಟ್ಟಿಯ ‘ಇನ್ ()’ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ವ್ಯಾಕರಣ ದೋಷ. ಎಸ್‌ಕ್ಯೂಲೈಟ್ ಅದನ್ನು ಒಪ್ಪಿಕೊಂಡು ಸೊನ್ನೆ ಕೊಡುತ್ತದೆ, ಅದು ಇನ್ನೂ ಕೆಟ್ಟದ್ದು. ಖಾಲಿ ಪಟ್ಟಿಗೆ ಷರತ್ತೇ ಬೇಡ.

ನಿಧಾನವಾದರೆ

‘(? ಈಸ್ ನಲ್ ಆರ್ ಜಿಲ್ಲೆ = ?)’ ಎಂದು ಎಲ್ಲ ಖಾನೆಗಳಿಗೂ ಒಂದೇ ಸ್ಥಿರ ಕ್ವೆರಿ ಬರೆಯುವ ವಿಧಾನ ಓದಲು ಚೆಂದ. ಆದರೆ ಪೋಸ್ಟ್‌ಗ್ರೆಸ್ ಸಿದ್ಧಪಡಿಸಿಟ್ಟ ಕ್ವೆರಿಗೆ ಮೊದಲ ಐದು ಸಲ ಮೌಲ್ಯಗಳನ್ನು ನೋಡಿ, ಸಾಲುಗಳನ್ನು ಹೇಗೆ ಹುಡುಕಬೇಕೆಂಬ ಯೋಜನೆ ಹಾಕುತ್ತದೆ, ಬಳಿಕ ಎಲ್ಲಕ್ಕೂ ಹೊಂದುವ ಸಾಮಾನ್ಯ ಯೋಜನೆಗೆ ಇಳಿಯಬಹುದು. ಆ ಸಾಮಾನ್ಯ ಯೋಜನೆ, ಸಾಲುಗಳನ್ನು ಬೇಗ ಹುಡುಕಿಕೊಡುವ ಜಿಲ್ಲೆಯ ಇಂಡೆಕ್ಸನ್ನು ಬಳಸಲಾರದೆ ಇಡೀ ಟೇಬಲ್ ಓದುತ್ತದೆ. ಆರನೆಯ ಹುಡುಕಾಟದಿಂದ ಪುಟ ನಿಧಾನವಾದರೆ ಕಾರಣ ಇದೇ ಇರಬಹುದು. 12ನೆಯ ಆವೃತ್ತಿಯಿಂದ ‘ಪ್ಲಾನ್_ಕ್ಯಾಶ್_ಮೋಡ್’ ಬದಲಿಸಿ ಇದನ್ನು ತಡೆಯಬಹುದು. ನನಗೆ ಮಾತ್ರ ತುಂಬಿದ ಖಾನೆಗಳಿಗಷ್ಟೇ ಷರತ್ತು ಸೇರಿಸುವ ವಿಧಾನವೇ ಮೇಲು.

ಉದ್ಧರಣ ಚಿಹ್ನೆ ಬರೆದಾಗ ಪುಟ ಕುಸಿದರೆ

ಆಗ ಬೇರೆಲ್ಲ ಕೆಲಸ ಬಿಟ್ಟು ಇದನ್ನು ಸರಿಪಡಿಸಿ. ಬಳಕೆದಾರ ಬರೆದದ್ದನ್ನು ನೇರವಾಗಿ ಕ್ವೆರಿಯ ಪಠ್ಯಕ್ಕೆ ಅಂಟಿಸಲಾಗಿದೆ, ಅಂದರೆ ಯಾರು ಬೇಕಾದರೂ ಆ ಖಾನೆಯಿಂದ ನಿಮ್ಮ ಡೇಟಾಬೇಸಿಗೆ ಆಜ್ಞೆ ಕೊಡಬಹುದು. ಮೌಲ್ಯಗಳೆಲ್ಲ ಪ್ಯಾರಾಮೀಟರ್ ಆಗಿಯೇ ಹೋಗಬೇಕು. ಯಾವ ಕಾಲಂನ ಪ್ರಕಾರ ವಿಂಗಡಿಸಬೇಕು ಎಂಬುದನ್ನು ಮಾತ್ರ ಹಾಗೆ ಕಳುಹಿಸಲಾಗದು. ಕಳುಹಿಸಿದರೆ ಡೇಟಾಬೇಸ್ ಅದನ್ನು ಬರಿಯ ಸ್ಥಿರ ಪದವೆಂದು ಓದಿ ವಿಂಗಡಿಸದೆ ಬಿಡುತ್ತದೆ. ಅದಕ್ಕೆ ಅನುಮತಿಸಿದ ಕಾಲಂಗಳ ಪಟ್ಟಿಯೊಂದನ್ನು ಕೋಡಿನಲ್ಲೇ ಇಟ್ಟು, ಅದರಲ್ಲಿರುವ ಹೆಸರನ್ನು ಮಾತ್ರ ಕ್ವೆರಿಗೆ ಸೇರಿಸಿ.

ಮತ್ತೆ ಬಾರದಂತೆ

ಏಳು ಫಿಲ್ಟರ್‌ಗಳನ್ನು ತುಂಬಿ ಅಥವಾ ಬಿಟ್ಟು 128 ರೀತಿ ಹುಡುಕಬಹುದು. ಸಣ್ಣ ಟೇಬಲ್ ಮೇಲೆ ಎಲ್ಲವನ್ನೂ ಓಡಿಸಲು ಕ್ಷಣಗಳು ಸಾಕು. ಪ್ರತಿಯೊಂದಕ್ಕೂ ಸರಿಯುತ್ತರ ಬರೆದಿಡಬೇಕಾಗಿಲ್ಲ. ಒಂದು ಫಿಲ್ಟರ್ ಹೆಚ್ಚಾದಾಗ ಸಾಲುಗಳು ಎಂದೂ ಹೆಚ್ಚಾಗಬಾರದು, ಈ ಒಂದು ಪರೀಕ್ಷೆಗೇ ನನ್ನ ಆವರಣದ ತಪ್ಪು ಸಿಕ್ಕಿಬಿದ್ದಿತು. ಹೊಯ್ಸಳರವು, ಹೊಯ್ಸಳರವಲ್ಲವೆಂದು ಖಚಿತವಾದವು, ವಂಶ ತಿಳಿಯದವು, ಮೂರನ್ನೂ ಕೂಡಿದರೆ ಒಟ್ಟು ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಮೌನ ಕಳೆದುಹೋಗಿದೆ. ಪರೀಕ್ಷೆಯ ಟೇಬಲ್ಲಿನಲ್ಲಿ ಇಸವಿಯಿಲ್ಲದ ಒಂದು ವೀರಗಲ್ಲು, ಎರಡು ಭಾಷೆಯ ಒಂದು ದಾನಶಾಸನ, ಪಠ್ಯವಿಲ್ಲದ ಒಂದು ತಾಮ್ರಪಟ, ತುಂಡುಗಳಲ್ಲಿ ಬರೆದ ಒಂದು ಕೋಲಾರ ಕಡ್ಡಾಯವಾಗಿ ಇರಲಿ.